ಹೆಸರು ಸಿಕ್ಕ ಮೇಲೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲದವನು ನಾನು. ಇಪ್ಪತ್ತೈದು ವರ್ಷಗಳಿಂದ ಈ ವಾಚನಾಲಯಕ್ಕೆ ಬರುತ್ತಿದ್ದರೂ ಕೇಳುವವರ ಸಾಲಿನಲ್ಲಿ ಕುಳಿತವನೇ ಹೊರತು ಇಲ್ಲಿ ಎದ್ದು ನಿಂತುದು ಒಂದೇ ಸಲ, 2009ರ ವಾರ್ಷಿಕೋತ್ಸವದಂದು. ಆ ದಿನ ನೀವು ನನಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದಿರಿ. ಇಂದಿನ ಮಾತನ್ನು ಆ ಶಾಲಿನಿಂದಲೇ ಆರಂಭಿಸಬೇಕಾಗಿದೆ.

ಅಗೋ, ಕಿಟಕಿಯ ಪಕ್ಕದ ಆ ಎರಡು ಗಾಜಿನ ಕಪಾಟುಗಳನ್ನೂ ಅವುಗಳೊಳಗಿನ ಪುಸ್ತಕಗಳನ್ನೂ ಕೊಟ್ಟವನು ನಾನು. ಉದಾರಿ ಎಂದು ಹೊಗಳಿದಿರಿ. ಆಗ ಹದಿನೈದು ದಿನಗಳಿಂದ ನಾನು ರಾತ್ರಿ ಎರಡು ಮೂರು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ, ಆದರೂ ದಣಿವೆಂಬುದಿರಲಿಲ್ಲ. ಕಚೇರಿಯ ಸಹಕಾರಿ ಸಂಘದಿಂದ ಸಾಲ ತೆಗೆದಿದ್ದೆ; ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟಿದ್ದ ಠೇವಣಿ ಮುರಿದಿದ್ದೆ. ಮುಂಬಯಿಯ ಒಂದೊಂದು ಉಪನಗರದಲ್ಲಿಯೂ ಒಂದೊಂದು ಕನ್ನಡ ವಾಚನಾಲಯ ತೆರೆಯುವೆನೆಂದು ಪ್ರಕಟಣೆಯನ್ನೂ ಅಚ್ಚು ಹಾಕಿಸಿದ್ದೆ. ಮನೆಯಾಕೆ "ರೀ, ಸ್ವಲ್ಪ ಮಲಗಿ" ಎಂದರೆ, ಇವಳು ನನ್ನ ಏಳಿಗೆಯನ್ನು ಸಹಿಸಳು ಎಂದು ತೋರುತ್ತಿತ್ತು. ಎರಡು ತಿಂಗಳ ತರುವಾಯ ಹಾಸಿಗೆಯಿಂದ ಏಳಲಾರದೆ ಗೋಡೆಯ ಕಡೆ ಮುಖ ಮಾಡಿ ಬಿದ್ದುಕೊಂಡವನೂ ನಾನೇ. ಬಾಳೇ ಬೇಡವೆನಿಸಿದ ದಿನಗಳೂ ಇದ್ದವು. ಸಾಲಕ್ಕಾಗಿ ಅವಳ ಬಳೆಗಳು ಹೋದವು. ವಾಚನಾಲಯದಿಂದ ಯಾರಾದರೂ ವಿಚಾರಿಸಿದರೆ "ಊರಿಗೆ ಹೋಗಿದ್ದಾರೆ" ಎಂದು ಮನೆಯವರು ಹೇಳಿದರು, ನೀವು ನಂಬಿದಿರಿ.

ವೈದ್ಯರ ಬಳಿಗೆ ಮೊದಲು ಹೋದುದು ಈ ಕುಸಿತದ ಕಾಲದಲ್ಲಿ. ಅಳುವನ್ನು ಹೇಳಿದೆ, ಹಾರಾಟವನ್ನು ಹೇಳಲಿಲ್ಲ. ಏಕೆ ಹೇಳಲಿ? ಅವು ನನ್ನ ಒಳ್ಳೆಯ ದಿನಗಳೆಂದೇ ಎಣಿಸಿದ್ದೆ. ಬರಿಯ ಖಿನ್ನತೆಗೆ ಕೊಡುವ ಮಾತ್ರೆಯನ್ನು ಈ ಕಾಯಿಲೆಯವರಿಗೆ ಅದೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಮರುಕಳಿಸುವುದುಂಟು. ನನಗೆ ಹಾಗೆಯೇ ಆಯಿತು. ಅದು ವೈದ್ಯರ ತಪ್ಪಲ್ಲ, ಅರ್ಧ ಕಥೆ ಹೇಳಿದವನ ತಪ್ಪು. 2011ರಲ್ಲಿ ನನ್ನ ಭಾವಮೈದುನ ಜೊತೆಗೆ ಬಂದು ಉಳಿದರ್ಧವನ್ನು ಹೇಳಿದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ಬೈಪೋಲಾರ್ ಡಿಸಾರ್ಡರ್. ಜರ್ಮನಿಯ ಕ್ರೇಪೆಲಿನ್ ಎಂಬ ವೈದ್ಯನು 1899ರಲ್ಲಿಯೇ ಉನ್ಮಾದ, ಖಿನ್ನತೆ ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ಬರೆದಿದ್ದನು.

ಹೆಸರು ಸಿಕ್ಕಾಗ ನೆಮ್ಮದಿಯಾಯಿತೆಂದು ಹೇಳುವವರಿದ್ದಾರೆ. ನನಗೆ ಆಗಲಿಲ್ಲ. ಹಿಂದಿನ ಬಾಳನ್ನೆಲ್ಲ ತಿರುವಿ ಹಾಕಿ, ಇದರಲ್ಲಿ ನಾನೆಷ್ಟು, ಕಾಯಿಲೆಯೆಷ್ಟು ಎಂದು ಲೆಕ್ಕ ಹಾಕತೊಡಗಿದೆ. ಈ ಕಪಾಟುಗಳನ್ನು ನೋಡಲಾರದೆ ಎರಡು ವರ್ಷ ಇತ್ತ ಸುಳಿಯಲಿಲ್ಲ. ಕೊನೆಗೆ ಮನಸ್ಸಿನಲ್ಲಿಯೇ ಪಾಲು ಮಾಡಿಕೊಂಡೆ: ಪುಸ್ತಕದ ಮೋಹ ನನ್ನದು, ಮಗಳ ಠೇವಣಿ ಮುರಿದುದು ಕಾಯಿಲೆ. ಆದರೆ ಆದ ನಷ್ಟದ ಹೊಣೆ ಕಾಯಿಲೆಯದಲ್ಲ, ನನ್ನದೇ. ಮಗಳು ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನ ಬಹಳ ಸಂತೋಷವಾಯಿತು. ಕೂಡಲೇ ಹೆದರಿಕೆ: ಇದು ಸಂತೋಷವೋ, ಮತ್ತೆ ಅದೇ ಬರುತ್ತಿದೆಯೋ? ಬೆರಳು ಮಡಚಿ ಹಿಂದಿನ ರಾತ್ರಿಯ ನಿದ್ದೆಯನ್ನು ಎಣಿಸಿದೆ. ಏಳು ಗಂಟೆ. ಹಾಗಾದರೆ ಸಂತೋಷವೇ ಸರಿ ಎಂದು ಹೋಗಿ ಪೇಡೆ ತಂದೆ, ಅರ್ಧ ಕಿಲೋ ಮಾತ್ರ.

ನನಗೆ ಹಿಡಿಸಿದ ಔಷಧ ಲಿಥಿಯಂ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಅದು ನಾಟುವುದನ್ನು ಪ್ರಕಟಿಸಿದನು. ಎಲ್ಲರಿಗೂ ಇದೇ ಅಲ್ಲ, ಬೇರೆ ಮದ್ದುಗಳೂ ಇವೆ. ರಕ್ತದಲ್ಲಿ ಅದು ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು. ಕಡಮೆಯಾದರೆ ಗುಣವಿಲ್ಲ, ಮೀರಿದರೆ ವಿಷ. ಆದುದರಿಂದ ರಾತ್ರಿ ಮಾತ್ರೆ ನುಂಗಿದ ಹನ್ನೆರಡು ಗಂಟೆಗೆ ರಕ್ತ ಕೊಡುವುದು, ಆಗಾಗ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ, ಇವು ತಪ್ಪಿದ್ದಲ್ಲ. ಚಹದ ಕಪ್ಪನ್ನು ನಾನು ಎರಡೂ ಕೈಗಳಲ್ಲಿ ಹಿಡಿಯುವುದನ್ನು ಕಂಡು ನೀವು ವಯಸ್ಸಾಯಿತೆಂದು ನಕ್ಕಿರಿ. ಅದೂ ಈ ಮದ್ದಿನ ನಡುಕವೇ.

ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ನಿರಾಹಾರ. ದೇಹದಲ್ಲಿ ನೀರೂ ಉಪ್ಪೂ ಇಳಿದರೆ ಮೂತ್ರಪಿಂಡವು ಲಿಥಿಯಂ ಹೊರಗೆ ಹೋಗಲು ಬಿಡದು. ಬೇಸಗೆಯ ಬೆವರು, ಭೇದಿ, ಮೈಕೈ ನೋವಿಗೆ ನಾವಾಗಿಯೇ ಕೊಂಡು ನುಂಗುವ ಕೆಲವು ಮಾತ್ರೆಗಳು, ಇವುಗಳಿಂದಲೂ ಅದು ಏರುತ್ತದೆ. 2013ರ ಬೇಸಗೆಯಲ್ಲಿ ಒಂದು ಏಕಾದಶಿಗೆ ನೀರನ್ನೂ ಮುಟ್ಟದೆ ಕುಳಿತೆ. ಮರುದಿನ ವಾಂತಿ, ತೂರಾಟ, ತೊದಲು ಮಾತು, ಆಸ್ಪತ್ರೆ. ಉಪವಾಸ ಬಿಡಬೇಕೆಂದು ತಾಯಿಯವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಅಂದರು: "ಮಗೂ, ನಿನ್ನ ಪಾಲಿನದನ್ನೂ ನಾನೇ ಮಾಡುತ್ತೇನೆ. ನೀನು ಉಣ್ಣು." ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದಾದುದರಿಂದ ಶಿವರಾತ್ರಿಯ ಜಾಗರಣೆಯೂ ಇಡೀ ರಾತ್ರಿಯ ಯಕ್ಷಗಾನವೂ ನಿಂತವು. ಏಕಾದಶಿಗಿಂತ ಯಕ್ಷಗಾನ ಬಿಟ್ಟುದೇ ಹೆಚ್ಚು ನೋಯಿಸಿತೆಂದರೆ ಹಿರಿಯರು ಕ್ಷಮಿಸಬೇಕು.

ಮನೆಯಾಕೆಯೂ ನಾನೂ ಒಂದು ಕಾಗದ ಬರೆದುಕೊಂಡಿದ್ದೇವೆ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಮೆ ಮಲಗಿದರೆ ಚೆಕ್ ಪುಸ್ತಕವೂ ಬ್ಯಾಂಕಿನ ಕಾರ್ಡೂ ಅವಳ ವಶ. ನಾನೆಷ್ಟೇ ಕೋಪಿಸಿಕೊಂಡರೂ ವೈದ್ಯರಿಗೆ ಅವಳು ಫೋನು ಮಾಡಬಹುದು. ಅದಕ್ಕೆ ಪ್ರತಿಯಾಗಿ, ನಾನು ಗಟ್ಟಿಯಾಗಿ ನಕ್ಕಾಗಲೆಲ್ಲ "ಮಾತ್ರೆ ತೆಗೆದುಕೊಂಡಿರಾ?" ಎಂದು ಅವಳು ಕೇಳಕೂಡದು. ಈ ಎರಡನೆಯ ಕರಾರು ನನಗೆ ಹೆಚ್ಚು ಬೆಲೆಯದು. ಕಾಯಿಲೆಯವನ ಸಿಟ್ಟೂ ಸಿಟ್ಟೇ, ಅವನ ಹಾಸ್ಯವೂ ಹಾಸ್ಯವೇ. ಎಲ್ಲವನ್ನೂ ರೋಗಲಕ್ಷಣವೆಂದು ಎಣಿಸಿದರೆ ಅವನು ಮನೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾನೆ. ಮುಂದೆ ಬುದ್ಧಿ ಕದಡಿದರೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಕೊಟ್ಟಿದೆ. ದೇಹದ ಕಾಯಿಲೆಗಳಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದೂ ಅದು ಹೇಳುತ್ತದೆ. ಬದುಕು ಬೇಡವೆನಿಸಿದ ಹೊತ್ತಿನಲ್ಲಿ ಕೇಳುವವರಿಲ್ಲದಿದ್ದರೆ, 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಹಗಲು ರಾತ್ರಿ ಉಚಿತ. ಕನ್ನಡದಲ್ಲಿಯೂ ಮಾತನಾಡಬಹುದು.

ಇಷ್ಟು ಕಾಲ ಮುಚ್ಚಿಟ್ಟು ಈಗೇಕೆ ಹೇಳುತ್ತಿದ್ದಾನೆಂದು ನೀವು ಕೇಳಬಹುದು. ಈಚೆಗೆ ಒಂದು ಮನೆಯ ಬಾಗಿಲಲ್ಲಿ "ಊರಿಗೆ ಹೋಗಿದ್ದಾನೆ" ಎಂಬ ಉತ್ತರ ಕೇಳಿದೆ. ಆ ಸ್ವರ ನನಗೆ ಪರಿಚಿತವಾದುದು. ಅದು ಯಾರ ಮನೆಯೆಂದು ಹೇಳುವುದಿಲ್ಲ, ನೀವೂ ಊಹಿಸಬೇಡಿರಿ. ನನ್ನ ಊಹೆಯೇ ತಪ್ಪಿರಬಹುದು.

ಎಂಟು ಗಂಟೆಯಾಯಿತು. ಹತ್ತಕ್ಕೆ ಮಲಗಬೇಕೆಂಬುದು ನನ್ನ ಕಟ್ಟುಪಾಡು, ಲೋಕಲಿನ ಪಯಣವೂ ಉದ್ದ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಪತ್ರಿಕೆಗಳ ಮೇಜಿನ ಬಳಿ ಇರುತ್ತೇನೆ. ಅಲ್ಲಿ ಎಲ್ಲರೆದುರು ಮಾತನಾಡಲು ಸಂಕೋಚವಾದರೆ, ಕೆಳಗಿನ ಚಹದಂಗಡಿಗೆ ಹೋಗೋಣ.