ಮಗಳನ್ನು ಸೈಟಿಗೆ ಕಳಿಸಬಹುದೇ?

(ಮಹಿಳಾ ವಿಭಾಗದ ಉದ್ಯೋಗ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ಸಲ ಅರಿಶಿನ ಕುಂಕುಮಕ್ಕೆ ಸೇರಿದ್ದಾಗ ಸದಸ್ಯೆಯೊಬ್ಬರು ಕೇಳಿದರು: “ಮಗಳು ಸಿವಿಲ್ ಡಿಪ್ಲೊಮಾ ಮುಗಿಸಿದ್ದಾಳೆ. ಸೈಟಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿದೆ. ಕಳಿಸಲೋ ಬೇಡವೋ?” ಮುಂಬೈಯ ಸೈಟುಗಳಲ್ಲಿ 18 ವರ್ಷ ಇದೇ ಕೆಲಸ ಮಾಡಿದವಳು ನಾನು. ಅವತ್ತು ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಇವತ್ತು ಹೇಳುತ್ತೇನೆ.

ಕೆಲಸವೇನು? ಸ್ಲ್ಯಾಬ್ ಹಾಕುವ ಮುಂಚೆ ಕಬ್ಬಿಣವನ್ನು ನಕ್ಷೆಯಂತೆ ಕಟ್ಟಿದ್ದಾರೆಯೇ, ಅದರಡಿ ಕವರ್ ಬ್ಲಾಕ್ ಇಟ್ಟಿದ್ದಾರೆಯೇ, ಸೆಂಟ್ರಿಂಗ್ ಗಟ್ಟಿಯಿದೆಯೇ ಎಂದು ನೋಡಿ ಪೋರ್ ಕಾರ್ಡ್‌ಗೆ ಸಹಿ ಹಾಕಬೇಕು. ಆಮೇಲೆಯೇ ಕಾಂಕ್ರೀಟ್. ಬಂದ ಕಾಂಕ್ರೀಟನ್ನು 15 ಸೆಂ.ಮೀ. ಅಚ್ಚುಗಳಲ್ಲಿ ತುಂಬಿಸಿ, ನೀರಿನಲ್ಲಿಟ್ಟು, 7 ಮತ್ತು 28ನೇ ದಿನ ಯಂತ್ರದಲ್ಲಿ ಒಡೆದು ಅದರ ಬಲ ಅಳೆಯುತ್ತೇವೆ.

ಅವಕಾಶ ಇದೆಯೇ? ಇದೆ. 2016ರ ರೇರಾ ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಿಕೊಡಬೇಕು. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಹಾಗಾಗಿ ತಪಾಸಣೆ ಬಲ್ಲವರು ಬೇಕೇ ಬೇಕು. ಸೈಟಿನಿಂದ ಲ್ಯಾಬಿಗೆ, ಆಡಿಟಿಗೆ, ಪರೀಕ್ಷೆ ಬರೆದು ಸರಕಾರಿ ಜೂನಿಯರ್ ಇಂಜಿನಿಯರ್ ಹುದ್ದೆಗೆ ಹೋಗಲು ದಾರಿಯಿದೆ.

ಕಷ್ಟವೂ ಇದೆ. ಮೊದಲ ಸೈಟಿನಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟು ಮೂತ್ರದ ಸೋಂಕು ತಂದುಕೊಂಡೆ. ಕಟ್ಟಡ ಕಾರ್ಮಿಕರಿಗೆ ಕುಡಿಯುವ ನೀರು, ಶೌಚಾಲಯ ಇರಬೇಕೆಂದು 1996ರ ಕಾಯ್ದೆಯಲ್ಲೇ ಬರೆದಿತ್ತು; ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಕಷ್ಟ ಒತ್ತಡ. ಒಂದು ರಾತ್ರಿ 11 ಗಂಟೆ. ಗೇಟಿನಲ್ಲಿ ಕಾಂಕ್ರೀಟ್ ಗಾಡಿಗಳ ಸಾಲು. ಟಾರ್ಚ್ ಹಿಡಿದು ನೋಡಿದರೆ ಒಂದು ಮೂಲೆಯಲ್ಲಿ ಕವರ್ ಬ್ಲಾಕ್ ಇಲ್ಲ. “ಮ್ಯಾಡಂ, ಮಾಲು ಹಾಳಾಗುತ್ತೆ, ಸಹಿ ಹಾಕಿ” ಎಂದರು. ಕಬ್ಬಿಣಕ್ಕೆ ಸರಿಯಾದ ಹೊದಿಕೆ ಇಲ್ಲದಿದ್ದರೆ ಈ ಕಡಲ ಗಾಳಿಗೆ ತುಕ್ಕು ಹಿಡಿದು ಚಾವಣಿ ಉದುರುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಉದುರಿಲ್ಲ ಹೇಳಿ? ನಾನು ಸಹಿ ಹಾಕಲಿಲ್ಲ. ಬ್ಲಾಕ್ ಇಟ್ಟ ಮೇಲೇ ಹಾಕಿದೆ. ಅಷ್ಟರಲ್ಲಿ ಒಂದು ಗಾಡಿ ವಾಪಸ್ ಹೋಗಿತ್ತು. ಮುಂದಿನ ತಿಂಗಳು ನನ್ನ ಕಾಂಟ್ರಾಕ್ಟ್ ನವೀಕರಿಸಲಿಲ್ಲ. ಮೂರು ತಿಂಗಳು ಮನೆಯಲ್ಲಿ ಕುಳಿತೆ. ಮಗನ ಶಾಲೆ ಫೀಸಿಗೆ ಬಳೆ ಅಡವಿಟ್ಟೆವು. ಆದರೆ ಅತ್ತೆಯವರಾಗಲಿ ಯಜಮಾನರಾಗಲಿ “ಹಾಕಿಬಿಡಬಾರದಿತ್ತೇ” ಎನ್ನಲಿಲ್ಲ. ಅದೇ ಬಲದ ಮೇಲೆ ಮತ್ತೆ ಕೆಲಸ ಹುಡುಕಿದೆ.

ಆದ್ದರಿಂದ ಅಕ್ಕಾ, ಮಗಳನ್ನು ಕಳಿಸಿ. ಸೇರುವ ಮೊದಲು ಮೂರು ಪ್ರಶ್ನೆ ಕೇಳಿಸಿ: ಹೆಂಗಸರಿಗೆ ಶೌಚಾಲಯ ಇದೆಯೇ? ರಾತ್ರಿ ಸ್ಲ್ಯಾಬ್ ಇದ್ದರೆ ಮನೆಗೆ ಗಾಡಿ ಕಳಿಸುತ್ತಾರೆಯೇ? ನೇಮಕಾತಿ ಪತ್ರ ಕೊಡುತ್ತಾರೆಯೇ? ನಾಲ್ಕನೆಯ ಪ್ರಶ್ನೆ ನಿಮಗೆ: ಅವಳು ಒಂದು ದಿನ ಸಹಿ ಹಾಕದೆ, ಕೆಲಸ ಕಳೆದುಕೊಂಡು ಮನೆಗೆ ಬಂದರೆ, ಬಾಗಿಲಲ್ಲಿ ಏನು ಹೇಳುತ್ತೀರಿ?