ಚಿತ್ತದ ಏಕಾಗ್ರತೆ: ಸ್ಕಿಜೋಫ್ರೀನಿಯಾ ಪೀಡಿತರೂ ನಾವೂ
(ನಮ್ಮ ಚೆನ್ನೈ ಶಾಖಾ ಮಠದಲ್ಲಿ ಮಾಡಿದ ಭಾಷಣ)

 

ಶಾಸ್ತ್ರವಿಚಾರ ನಡೆಯುವ ಈ ವೇದಿಕೆಯಲ್ಲಿ, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದ ಡಿಪ್ಲೊಮಾ ಇಂಜಿನಿಯರನೊಬ್ಬನು ಮನೋರೋಗದ ಮಾತೆತ್ತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯಾ ಇದೆ. ಆರಾಧನೆಯ ದಿನ ನಮ್ಮ ಪಂಕ್ತಿಯಲ್ಲಿ ಕುಳಿತುಕೊಳ್ಳುವವರ ಸಂಖ್ಯೆಯನ್ನು ನೆನೆದರೆ ಇದು ಪರರ ಮನೆಯ ವಿಷಯವಲ್ಲವೆಂದು ತಿಳಿಯುತ್ತದೆ. ನನ್ನ ಅಣ್ಣನ ಮಗನಿಗೂ ಈ ರೋಗವಿದೆ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಈ ರೋಗವೆಂದೊಡನೆ ಇಲ್ಲದ ಧ್ವನಿಗಳು ಕೇಳಿಸುವುದು, ಅಕಾರಣ ಸಂಶಯಗಳು ನೆನಪಾಗುತ್ತವೆ. ಔಷಧಗಳು ಇವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಆದರೆ ಒಂದೆಡೆ ಗಮನವಿಡುವ, ಕೇಳಿದ್ದನ್ನು ಸ್ವಲ್ಪಕಾಲ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಗಳು ಕುಂದಿದ್ದರೆ, ಅದಕ್ಕೆ ಔಷಧದಿಂದ ದೊರೆಯುವ ಪ್ರಯೋಜನ ಅಲ್ಪ. ಧ್ವನಿಗಳು ಅಡಗಿದ ಮೇಲೂ ಈ ಕುಂದು ಉಳಿಯುತ್ತದೆ. ಮನೆಯವರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಸಂಧ್ಯಾವಂದನೆಯ ನಡುವೆ ಎದ್ದುಹೋದವನನ್ನು “ದೇವರಲ್ಲಿ ಶ್ರದ್ಧೆಯಿಲ್ಲ” ಎಂದು ಜರೆಯುವುದನ್ನು ನಾನು ಕೇಳಿದ್ದೇನೆ. ಜ್ವರ ಬಂದವನನ್ನು ಮೈ ಏಕೆ ಬಿಸಿಯಾಗಿದೆಯೆಂದು ಗದರಿಸುವುದಕ್ಕೂ ಇದಕ್ಕೂ ವ್ಯತ್ಯಾಸವೇನು?

ರೈಲ್ವೆಯಲ್ಲಿ ಒಂದು ಬ್ಲಾಕ್ ಸೆಕ್ಷನ್ನಿನೊಳಗೆ ಒಂದು ಕಾಲಕ್ಕೆ ಒಂದೇ ಗಾಡಿಯನ್ನು ಬಿಡುವ ಪದ್ಧತಿಯಿದೆ. ಮುಂದಿನ ನಿಲ್ದಾಣದವರು ಮಾರ್ಗ ತೆರವಾಗಿದೆಯೆಂದು ತಿಳಿಸದ ಹೊರತು ಎರಡನೆಯ ಗಾಡಿ ಹೊರಡುವಂತಿಲ್ಲ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ವಿರುದ್ಧ: “ಸ್ನಾನ ಮಾಡು, ಹಾಲು ತಾ, ಬರುವಾಗ ಅಂಗಡಿಯಲ್ಲಿ ಹೂವು ನೋಡು” ಎಂದು ಒಂದೇ ಉಸಿರಿನಲ್ಲಿ ಮೂರು ಗಾಡಿಗಳು! ಒಂದು ಮಾತು ಹೇಳಿ, ಅದು ಮುಗಿದ ಮೇಲೆ ಮತ್ತೊಂದನ್ನು ಹೇಳಬೇಕು. ಟಿ.ವಿ. ಆರಿಸಿರಬೇಕು. ಆಚಮನದಿಂದ ಮೊದಲ್ಗೊಂಡು ಕ್ರಮವನ್ನು ದಪ್ಪಕ್ಷರದಲ್ಲಿ ಬರೆದು ಎದುರಿಗಿಟ್ಟರೆ ನೆನಪಿನ ಹೊರೆ ಇಳಿಯುತ್ತದೆ.

ಅಭ್ಯಾಸದಿಂದ ಗಮನಶಕ್ತಿ ಸುಧಾರಿಸುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ರೋಗದ ಆರಂಭದಲ್ಲಿರುವವರಿಗೆ ಮನೆಯಲ್ಲಿಯೇ ಮಾಡುವ ತರಬೇತಿಯನ್ನು ಕೊಟ್ಟು, ಅದರಿಂದ ಗಮನ ಮತ್ತು ಯೋಜನಾಶಕ್ತಿಗಳಲ್ಲಿ ಸುಧಾರಣೆ ಕಂಡುಬಂದುದನ್ನು 2012ರಲ್ಲಿ ಪ್ರಕಟಿಸಿದರು. ಮುದ್ರಿತ ಪುಟದಲ್ಲಿ ಒಂದು ಅಕ್ಷರ ಬಂದಲ್ಲೆಲ್ಲ ಗೆರೆ ಎಳೆಯುವುದು, ಬೆರೆತ ಧಾನ್ಯಗಳನ್ನು ಬೇರ್ಪಡಿಸುವುದು ಮುಂತಾದವು ಇಂತಹ ತರಬೇತಿಯ ಸಾಧನಗಳು. ಇದನ್ನು ತಿಳಿದಾಗ ನನಗೆ ಅಕ್ಷತೆಯ ಅಕ್ಕಿ ನೆನಪಾಯಿತು. ನುಚ್ಚನ್ನು ತೆಗೆದು ಅಖಂಡ ಕಾಳುಗಳನ್ನಷ್ಟೇ ಆರಿಸುವ ಕೆಲಸವನ್ನು, ವೈದ್ಯರನ್ನು ಕೇಳಿ, ಅಣ್ಣನ ಮಗನಿಗೆ ಒಪ್ಪಿಸಿದೆವು. ಮೊದಲು ಒಂದು ಹಿಡಿ, ಐದು ನಿಮಿಷ. ಬೇಸರ ಬರುವ ಮೊದಲೇ ನಿಲ್ಲಿಸುವುದು. ತಿಂಗಳುಗಳು ಕಳೆದು ಇಪ್ಪತ್ತು ನಿಮಿಷ ಕೂರುವಂತಾದ. ಈಗಲೂ ಕೆಲವು ದಿನ ಎರಡು ನಿಮಿಷಕ್ಕೆ ಏಳುತ್ತಾನೆ. ಆ ದಿನ ಅಷ್ಟೇ.

ಜಪದ ಬಗೆಗೆ ಒಂದು ಮಾತು. ಧ್ವನಿಗಳು ಕೇಳಿಸುತ್ತಿರುವವರನ್ನು ಏಕಾಂತದಲ್ಲಿ ಕಣ್ಣು ಮುಚ್ಚಿಸಿ ಗಂಟೆಗಟ್ಟಲೆ ಕೂರಿಸುವುದು ಹಿತವಲ್ಲ. ನಾಲ್ಕು ಜನರೊಡನೆ ತಾಳ ಹಾಕುತ್ತ ಒಂದು ದೇವರನಾಮ ಹೇಳುವುದು ಸುಲಭ. ಬೆಳಗಿನ ಬಿರುಸು ನಡಿಗೆ, ಕ್ರಮವಾದ ನಿದ್ರೆ ಇವೂ ನೆರವಾಗುತ್ತವೆ. ಕೈನಡುಕಕ್ಕೆ ಕೊಡುವ ಕೆಲವು ಮಾತ್ರೆಗಳು ನೆನಪನ್ನು ಮಂಕಾಗಿಸುವುದುಂಟು. ವೈದ್ಯರನ್ನು ಕೇಳಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಏಕಾದಶಿಯ ನಿರ್ಜಲವೆಂದು ಮಾತ್ರೆ ತಪ್ಪಿಸುವುದಂತೂ ಅಪಾಯ. ಆತುರರಿಗೆ ವಿನಾಯಿತಿ ಉಂಟಷ್ಟೆ. ಕೆಲವು ಮಾತ್ರೆಗಳನ್ನು ಆಹಾರದೊಡನೆಯೇ ಸೇವಿಸಬೇಕಾದುದರಿಂದ ಇದನ್ನೂ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಮಂಗಳೂರಿನಲ್ಲಿ ಜನಿಸಿದ ಡಾ. ಶಾರದಾ ಮೆನನ್ ಅವರು 1984ರಲ್ಲಿ ಈ ಚೆನ್ನೈ ನಗರದಲ್ಲಿಯೇ ಸ್ಥಾಪಿಸಿದ ‘ಸ್ಕಾರ್ಫ್’ ಸಂಸ್ಥೆಯು ಇಂತಹವರ ಪುನರ್ವಸತಿಗೆ ಹೆಸರಾಗಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ವ್ಯವಸ್ಥಾಪಕರಲ್ಲಿ ಒಂದು ವಿನಂತಿ. ಮುಂದಿನ ಆರಾಧನೆಗೆ ಬೇಕಾಗುವ ಅಕ್ಷತೆಯ ಅಕ್ಕಿಯಲ್ಲಿ ಎರಡು ಸೇರನ್ನು ಇಂತಹ ಮನೆಗಳಿಗೆ ಹಂಚಿಕೊಡಬೇಕು. ಆರಿಸಿ ತಂದುಕೊಡುವ ಹೊಣೆ ನನ್ನದು.

ಶ್ರೀಕೃಷ್ಣಾರ್ಪಣಮಸ್ತು.