ಗಾಳಿ ನಿಂತ ಮೇಲಿನ ನೀರು



ಬಂಗಾಳ ಕೊಲ್ಲಿಯ ತೀರದ ಜನರಿಗೆ ವರ್ಷದಲ್ಲಿ ಎರಡು ಅವಧಿಗಳು ಆತಂಕದವು. ಒಂದು, ಮುಂಗಾರು ಕಾಲಿಡುವ ಮುನ್ನಿನ ಏಪ್ರಿಲ್, ಮೇ ತಿಂಗಳುಗಳು. ಇನ್ನೊಂದು, ಮುಂಗಾರು ಹಿಂದೆ ಸರಿದ ಬಳಿಕ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಕಾಲ. ಆಗ ಸಮುದ್ರದ ಮೇಲ್ಮೈ ಕಾದಿರುತ್ತದೆ. ಕಾದ ನೀರಿನಿಂದ ಏಳುವ ಆವಿಯೇ ಚಂಡಮಾರುತದ ಆಹಾರ. ಅಮೆರಿಕದವರು ಹರಿಕೇನ್ ಎನ್ನುವುದೂ, ಜಪಾನಿನವರು ಟೈಫೂನ್ ಎನ್ನುವುದೂ, ನಮ್ಮಲ್ಲಿ ಚಂಡಮಾರುತ ಎನ್ನುವುದೂ ಮೂಲತಃ ಒಂದೇ ವಿದ್ಯಮಾನ. ಹೆಸರು ಬೇರೆಯಾದ ಮಾತ್ರಕ್ಕೆ ಅದರ ಸ್ವಭಾವ ಬೇರೆಯಾಗದು.

ಚಂಡಮಾರುತವೆಂದರೆ ಬಿರುಗಾಳಿ ಎಂಬುದು ಸಾಮಾನ್ಯ ತಿಳಿವಳಿಕೆ. ಮರಗಳು ಬುಡಮೇಲಾಗುವುದು, ತಗಡಿನ ಮಾಡು ಹಾರಿಹೋಗುವುದು, ವಿದ್ಯುತ್ ಕಂಬಗಳು ಬಾಗುವುದು ಎಲ್ಲರ ಕಣ್ಣಿಗೆ ಬೀಳುತ್ತವೆ. ಆದರೆ ಸತ್ತವರ ಲೆಕ್ಕವನ್ನು ಪರಿಶೀಲಿಸಿದರೆ, ನಮ್ಮ ಪೂರ್ವ ಕರಾವಳಿಯ ದೊಡ್ಡ ದುರಂತಗಳಲ್ಲಿ ಗಾಳಿಗಿಂತ ಹೆಚ್ಚು ಪ್ರಾಣ ತೆಗೆದದ್ದು ನೀರು. ಇದನ್ನು ಒರಿಸ್ಸಾದ ಜನ 1999ರಲ್ಲಿ ಅತ್ಯಂತ ಕಠಿಣವಾಗಿ ಅನುಭವಿಸಿದರು. ಆ ರಾಜ್ಯದ ಹೆಸರು ಈಗ ಒಡಿಶಾ ಎಂದಾಗಿದೆ.

ಆ ವರ್ಷದ ಅಕ್ಟೋಬರ್ 17ರಂದು ಗಂಜಾಂ ಜಿಲ್ಲೆಯ ಗೋಪಾಲಪುರದ ಬಳಿ ಒಂದು ಪ್ರಬಲ ಚಂಡಮಾರುತ ದಡ ಸೇರಿತ್ತು. ಅದರ ಹಾನಿಯ ಅಂದಾಜು ಮುಗಿಯುವ ಮೊದಲೇ, ಅಂದರೆ ಅಕ್ಟೋಬರ್ 29ರಂದು, ಪಾರಾದೀಪ ಬಂದರಿನ ಸಮೀಪ ಎರಡನೆಯದು ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಗಂಟೆಗೆ 222 ಕಿಲೋಮೀಟರಿಗೆ ಮೇಲ್ಪಟ್ಟ ಗಾಳಿಯಿದ್ದರೆ ಹವಾಮಾನ ಇಲಾಖೆ ಅದನ್ನು ಸೂಪರ್ ಸೈಕ್ಲೋನ್ ಎನ್ನುತ್ತದೆ. ಹೀಗಾಗಿ 1999ರ ಚಂಡಮಾರುತ ಆ ಹೆಸರಿನಿಂದಲೇ ಜನಮನದಲ್ಲಿ ಉಳಿದಿದೆ.

ಅಂದು ಸಮುದ್ರವೇ ಊರೊಳಗೆ ಬಂದದ್ದು ಹೇಗೆ? ಚಂಡಮಾರುತದ ಕೇಂದ್ರದಲ್ಲಿ ವಾಯುಭಾರ ತೀರ ಕುಸಿದಿರುತ್ತದೆ. ಭಾರ ಒಂದು ಮಿಲಿಬಾರ್ ಇಳಿದರೆ ನೀರಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಒರಿಸ್ಸಾದ ಚಂಡಮಾರುತದಲ್ಲಿ ಕೇಂದ್ರದ ಭಾರ 912 ಮಿಲಿಬಾರಿಗೆ ಇಳಿದಿತ್ತು. ಸಾಧಾರಣ ಭಾರ ಸಾವಿರ ಮಿಲಿಬಾರಿಗಿಂತ ತುಸು ಹೆಚ್ಚು. ಈ ಲೆಕ್ಕದಲ್ಲಿ ನೀರು ಏರಬೇಕಾದದ್ದು ಸುಮಾರು ಒಂದು ಮೀಟರ್ ಮಾತ್ರ. ಆದರೆ ಎರ್ಸಮಾ ಮೊದಲಾದ ಕಡೆ ಐದಾರು ಮೀಟರ್ ಎತ್ತರಕ್ಕೆ ನೀರು ನುಗ್ಗಿತು. ಉಳಿದದ್ದೆಲ್ಲ ಗಾಳಿಯ ಕೆಲಸ. ನಮ್ಮ ಉತ್ತರಾರ್ಧಗೋಳದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಅದು ಸಾಗುವ ದಾರಿಯ ಬಲಬದಿಯಲ್ಲಿ ಗಾಳಿ ಸಮುದ್ರವನ್ನು ದಡದತ್ತ ದೂಡುತ್ತದೆ. ಬಂಗಾಳ ಕೊಲ್ಲಿಯ ಉತ್ತರ ಭಾಗ ಆಳವಿಲ್ಲದ್ದು. ದೂಡಿದ ನೀರಿಗೆ ಕೆಳಗೆ ಜಾಗವಿಲ್ಲದೆ ಅದು ಮೇಲೇರಿ, ಸಮತಟ್ಟಾದ ನೆಲದ ಮೇಲೆ, ನದಿಗಳ ಬಾಯಿಗಳೊಳಗೆ ನುಗ್ಗುತ್ತದೆ. ಜಗತ್‌ಸಿಂಗ್‌ಪುರ ಜಿಲ್ಲೆಯಲ್ಲಿ ಉಪ್ಪುನೀರು ಹಲವು ಹತ್ತು ಕಿಲೋಮೀಟರುಗಳಷ್ಟು ಒಳನಾಡಿಗೆ ಬಂದಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳಲ್ಲಿದ್ದವರು ಓಡಿಹೋಗಲು ಎತ್ತರದ ಸ್ಥಳವೇ ಅಲ್ಲಿರಲಿಲ್ಲ. ಸರಕಾರಿ ಲೆಕ್ಕದಂತೆ ಸತ್ತವರು ಹತ್ತಿರಹತ್ತಿರ ಹತ್ತು ಸಾವಿರ. ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಆ ಒಂದೇ ಜಿಲ್ಲೆಯವರು.

ಮುನ್ಸೂಚನೆ ಇರಲಿಲ್ಲವೆಂದು ಹೇಳುವಂತಿಲ್ಲ. ಸೂಚನೆ ಬಂದಿತ್ತು. ಆದರೆ ಮನೆ ಬಿಟ್ಟು ಹೋಗಿ ಎಂದರೆ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಹೆಚ್ಚಿನ ಹಳ್ಳಿಗಳಲ್ಲಿ ಉತ್ತರವಿರಲಿಲ್ಲ. ಇಡೀ ಕರಾವಳಿಗೆ ರೆಡ್ ಕ್ರಾಸ್ ಕಟ್ಟಿಸಿದ ಆಶ್ರಯ ಕಟ್ಟಡಗಳು ಇಪ್ಪತ್ತರ ಆಸುಪಾಸಿನಲ್ಲಿದ್ದವು. ಅವುಗಳಲ್ಲಿ ಸೇರಿಕೊಂಡವರು ಉಳಿದರು. ಈ ಒಂದು ಸಂಗತಿಯೇ ಮುಂದಿನ ಎಲ್ಲ ಯೋಜನೆಗಳಿಗೆ ಆಧಾರವಾಯಿತು.

ದಡ ಮುಟ್ಟಿದ ಚಂಡಮಾರುತ ಸಾಮಾನ್ಯವಾಗಿ ಕೆಲವು ತಾಸುಗಳಲ್ಲಿ ಬಲ ಕಳೆದುಕೊಂಡು ಮುಂದೆ ಸಾಗುತ್ತದೆ. 1999ರದ್ದು ಹಾಗೆ ಮಾಡಲಿಲ್ಲ. ಒಂದು ದಿನಕ್ಕೂ ಹೆಚ್ಚು ಕಾಲ ಅದು ಒರಿಸ್ಸಾದ ಮೇಲೆಯೇ ತಂಗಿ ಮಳೆ ಸುರಿಸಿತು. ಸಮುದ್ರದ ಉಪ್ಪುನೀರು ಇಳಿಯುವಷ್ಟರಲ್ಲಿ ಉತ್ತರದ ಜಾಜಪುರ, ಭದ್ರಕ್, ಬಾಲೇಶ್ವರ ಜಿಲ್ಲೆಗಳಲ್ಲಿ ವೈತರಣಿ, ಬುಢಾಬಲಂಗ ನದಿಗಳು ಉಕ್ಕಿದವು. ಸಮುದ್ರದಿಂದ ದೂರವಿದ್ದೇವೆಂದು ನೆಮ್ಮದಿಯಿಂದಿದ್ದವರ ಮನೆಗಳೂ ಮುಳುಗಿದವು. ರಾಜಧಾನಿ ಭುವನೇಶ್ವರದಲ್ಲಿ ವಿದ್ಯುತ್ ಇಲ್ಲ, ದೂರವಾಣಿ ಇಲ್ಲ, ರಸ್ತೆಗಳಿಗೆ ಅಡ್ಡಲಾಗಿ ಬಿದ್ದ ಮರಗಳು. ಹಾನಿಯ ಸುದ್ದಿ ಹೊರಜಗತ್ತಿಗೆ ತಲುಪಲು ದಿನಗಳೇ ಹಿಡಿದವು. ಹವ್ಯಾಸಿ ರೇಡಿಯೋ ನಿರ್ವಾಹಕರು ಈ ಅವಧಿಯಲ್ಲಿ ಸಲ್ಲಿಸಿದ ಸೇವೆ ಸ್ಮರಣೀಯ.

ಬದುಕುಳಿದವರ ಕಷ್ಟ ಇಲ್ಲಿಂದ ಆರಂಭವಾಗುತ್ತದೆ. ಎಲ್ಲೆಡೆ ನೀರು, ಕುಡಿಯಲು ಮಾತ್ರ ಇಲ್ಲ. ಕೈಪಂಪುಗಳು, ಕೆರೆಗಳು ಉಪ್ಪುನೀರಿನಲ್ಲಿ ಮುಳುಗಿದ್ದವು. ನಾಲ್ಕು ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತಿದ್ದವು. ಅವುಗಳನ್ನು ಸುಡಲು ಒಣ ಸೌದೆ ಇಲ್ಲ, ಹೂಳಲು ಒಣ ನೆಲವಿಲ್ಲ. ಎಳನೀರು ಕುಡಿದು, ನೆನೆದ ಅಕ್ಕಿ ತಿಂದು ದಿನ ಕಳೆದವರಿದ್ದರು. ಹೆಲಿಕಾಪ್ಟರುಗಳು ಅವಲಕ್ಕಿ, ಬೆಲ್ಲದ ಪೊಟ್ಟಣಗಳನ್ನು ಉದುರಿಸಿದಾಗ ಅವು ಗಟ್ಟಿಮುಟ್ಟಾದವರ ಕೈಗೆ ಮೊದಲು ಸೇರಿದವೇ ಹೊರತು ಮುದುಕರಿಗೂ ಬಾಣಂತಿಯರಿಗೂ ಅಲ್ಲ. ಪರಿಹಾರ ಕಾರ್ಯದ ವರದಿಗಳಲ್ಲಿ ಪೊಟ್ಟಣಗಳ ಸಂಖ್ಯೆ ಸಿಗುತ್ತದೆ, ಅವು ತಲುಪಿದ ಕೈಗಳ ಲೆಕ್ಕ ಸಿಗುವುದು ಅಪರೂಪ. ಭೂದಾಖಲೆ, ಪಡಿತರ ಚೀಟಿ, ಮಕ್ಕಳ ಶಾಲಾ ಪತ್ರಗಳು ಮನೆಯೊಡನೆ ಕೊಚ್ಚಿಹೋದಾಗ, ನಷ್ಟ ಪರಿಹಾರಕ್ಕೆ ಅರ್ಜಿ ಹಾಕುವವನಿಗೆ ತಾನು ಯಾರೆಂದು ರುಜುವಾತುಪಡಿಸುವುದೇ ಮೊದಲ ಕೆಲಸವಾಗುತ್ತದೆ. ಗದ್ದೆಗಳಲ್ಲಿ ಕಟಾವಿಗೆ ಸಮೀಪಿಸಿದ್ದ ಭತ್ತ ನಾಶವಾದುದಲ್ಲದೆ, ಮಣ್ಣಿನಲ್ಲಿ ಉಪ್ಪು ಉಳಿಯಿತು. ಅಂಥ ಉಪ್ಪನ್ನು ತೊಳೆಯಬೇಕಾದದ್ದು ಮುಂದಿನ ಮಳೆಗಾಲ.

ಈ ದುರಂತದ ಎರಡು ತಿಂಗಳಲ್ಲೇ, 1999ರ ಡಿಸೆಂಬರಿನಲ್ಲಿ, ಒರಿಸ್ಸಾ ಸರಕಾರ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯಿದೆ ಬಂದದ್ದು 2005ರಲ್ಲಿ, ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ ರೂಪುಗೊಂಡದ್ದು 2006ರಲ್ಲಿ. ಕರಾವಳಿಯಲ್ಲಿ ಇಂದು ಎಂಟುನೂರಕ್ಕೂ ಹೆಚ್ಚು ಆಶ್ರಯ ಕಟ್ಟಡಗಳಿವೆ. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ಅಪ್ಪಳಿಸುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರು ಐವತ್ತರೊಳಗೆ, ಅವರಲ್ಲಿಯೂ ಗಣನೀಯ ಪಾಲು ಚಂಡಮಾರುತದ ಬೆನ್ನಿಗೇ ಬಂದ ಪ್ರವಾಹದಲ್ಲಿ ಸಿಕ್ಕವರು. 2019ರ ಮೇ 3ರಂದು ಪುರಿಯ ಬಳಿ ಬಂದ ಫೋನಿ ಚಂಡಮಾರುತದ ಮುನ್ನ ಸ್ಥಳಾಂತರಗೊಂಡವರು ಸುಮಾರು ಹನ್ನೆರಡು ಲಕ್ಷ. ಕಟ್ಟಡಗಳಷ್ಟೇ ಮುಖ್ಯವಾದ ಇನ್ನೊಂದು ರಕ್ಷಣೆ ಕಾಂಡ್ಲಾ ಕಾಡುಗಳದ್ದು. ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಪಟ್ಟಿ ಇದ್ದ ಕಡೆ 1999ರಲ್ಲಿ ಸಾವು ಕಡಿಮೆಯಾಗಿತ್ತೆಂದು ತೋರಿಸಿದೆ.

ನಗರವಾಸಿ ಕನ್ನಡಿಗರು ಇದೆಲ್ಲ ಕಡಲತೀರದ ಹಳ್ಳಿಗಳ ಮಾತು ಎಂದುಕೊಳ್ಳುವುದು ಸಹಜ. ಆದರೆ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ದಡ ಸೇರಿದ್ದು ಆಂಧ್ರದ ಬಾಪಟ್ಲ ಸಮೀಪ. ಅದಕ್ಕೆ ಒಂದು ದಿನ ಮೊದಲೇ, ಸುಮಾರು ಮುನ್ನೂರು ಕಿಲೋಮೀಟರ್ ದೂರದ ಚೆನ್ನೈ ಮುಳುಗಿತ್ತು. ವೇಳಚೇರಿ, ಪಳ್ಳಿಕರಣೆಯಂಥ ತಗ್ಗು ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಎಣ್ಣೂರಿನ ಅಳಿವೆಯಲ್ಲಿ ಪ್ರವಾಹದ ನೀರಿನೊಡನೆ ತೈಲವೂ ಹರಡಿ ಮೀನುಗಾರರ ಬಲೆ, ದೋಣಿಗಳು ಹಾಳಾದವು. 2020ರ ಅಕ್ಟೋಬರಿನಲ್ಲಿ ಕಾಕಿನಾಡದ ಬಳಿ ದಡ ದಾಟಿದ್ದು ಚಂಡಮಾರುತದ ಮಟ್ಟಕ್ಕೂ ಏರದ ಒಂದು ವಾಯುಭಾರ ಕುಸಿತ. ಅದು ಒಳನಾಡಿಗೆ ಸಾಗಿ ಹೈದರಾಬಾದಿನಲ್ಲಿ ಸುರಿಸಿದ ಮಳೆಗೆ ಕೆರೆಗಳ ಏರಿಗಳು ಒಡೆದು ಹಳೆಯ ನಗರದ ಬಡಾವಣೆಗಳು ಜಲಾವೃತವಾದವು. ಅರಬ್ಬಿ ಸಮುದ್ರವೂ ಹಿಂದಿನಷ್ಟು ಶಾಂತವಲ್ಲ. 2020ರ ಜೂನಿನಲ್ಲಿ ನಿಸರ್ಗ ಚಂಡಮಾರುತ ಮುಂಬಯಿಯ ದಕ್ಷಿಣಕ್ಕೆ ರಾಯಗಡ ಜಿಲ್ಲೆಯನ್ನು ಹೊಕ್ಕಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಕರ್ನಾಟಕದ ಕರಾವಳಿಯ ಮನೆ, ತೋಟಗಳನ್ನೂ ಬಿಡಲಿಲ್ಲ.

ಗಾಳಿ ಹಠಾತ್ತಾಗಿ ನಿಂತಾಗ ಬಾಗಿಲು ತೆರೆದು ಹೊರಗೆ ಬರುವ ಆತುರ ಯಾರಿಗಾದರೂ ಆಗುತ್ತದೆ. ಅದು ಚಂಡಮಾರುತದ ಕಣ್ಣು ತಲೆಯ ಮೇಲೆ ಬಂದಿರುವ ಸೂಚನೆಯಿರಬಹುದು. ಸ್ವಲ್ಪ ಹೊತ್ತಿನಲ್ಲಿ ಗಾಳಿ ವಿರುದ್ಧ ದಿಕ್ಕಿನಿಂದ ಅಷ್ಟೇ ರಭಸದಿಂದ ಬೀಸುತ್ತದೆ. ಅಧಿಕೃತ ಪ್ರಕಟಣೆಯಾಗುವವರೆಗೆ ಒಳಗೇ ಇರಬೇಕು. ನೀರು ಇಳಿದ ಮೇಲೆ ಮನೆಗೆ ಮರಳಿದಾಗ ಮೀಟರ್ ನೆನೆದಿದ್ದರೆ ಸ್ವಿಚ್ಚಿಗೆ ಕೈಹಾಕದೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಅದರ ಹೊಗೆ ವಾಸನೆಯಿಲ್ಲದೆ ಕೊಲ್ಲುತ್ತದೆ. ಹಾವುಗಳೂ ಮನುಷ್ಯರಂತೆಯೇ ಒಣ ಜಾಗ ಹುಡುಕಿಕೊಂಡು ಬಂದಿರುತ್ತವೆ, ಆದ್ದರಿಂದ ಮೂಲೆಗಳಲ್ಲಿ ಬರಿಗೈ ಹಾಕಬಾರದು. ತೊಟ್ಟಿಯ ನೀರನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಬ್ಲೀಚಿಂಗ್ ಪುಡಿ ಹಾಕಿದ ನಂತರವೇ ಬಳಸುವುದು ಒಳಿತು. ಅದುವರೆಗೆ ಕುದಿಸಿದ ನೀರೇ ಕುಡಿಯಲು ಯೋಗ್ಯ. ಮಕ್ಕಳಿಗೆ ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದು, ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಕಾಗದಪತ್ರಗಳನ್ನು ಮಳೆಗಾಲಕ್ಕೆ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿ ಇಡುವುದಕ್ಕೆ ಖರ್ಚೇನೂ ಇಲ್ಲ. ಜಿಲ್ಲಾ ತುರ್ತು ಕೇಂದ್ರದ ದೂರವಾಣಿ ಸಂಖ್ಯೆ 1077, ರಾಜ್ಯ ಕೇಂದ್ರದ್ದು 1070.

ಒಡಿಶಾದ ಆಶ್ರಯ ಕಟ್ಟಡಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಶಾಲೆಗಳಾಗಿ ನಡೆಯುತ್ತವೆ. ಬಳಕೆಯಲ್ಲಿರುವ ಕಟ್ಟಡದ ಬೀಗದ ಕೈಯನ್ನು ತುರ್ತು ಸಮಯದಲ್ಲಿ ಹುಡುಕುವ ಪ್ರಮೇಯ ಬಾರದು. ಅಕ್ಟೋಬರ್ 29ನ್ನು ಆ ರಾಜ್ಯ ವಿಪತ್ತು ಸನ್ನದ್ಧತಾ ದಿನವಾಗಿ ಆಚರಿಸುತ್ತಿದೆ.